ವಿದೇಶದಲ್ಲಿ ಇಂಗ್ಲಿಷ್ ಕಲಿಸಲು ಯಾವ ಅರ್ಹತೆ ಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ, ಮುಂದೆ ಇಂಗ್ಲಿಷ್‌ನಲ್ಲಿ ಪದವಿ ಪಡೆದು, ವಿದೇಶದಲ್ಲಿ ಆ ಭಾಷೆಯನ್ನೇ ಕಲಿಸಬಯಸುವವರು ಯಾವುದೇ ತರಬೇತಿಗೆ ಹಣ ಕಟ್ಟುವ ಮೊದಲು ಯಾವ ದೇಶಕ್ಕೆ ಹೋಗಬೇಕೆಂಬುದನ್ನು ನಿರ್ಧರಿಸಿಕೊಳ್ಳಬೇಕು.

ದೇಶ ಬದಲಾದಂತೆ ನಿಯಮವೂ ಬದಲಾಗುತ್ತದೆ. ಜಪಾನಿನ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸಲು ಬೇಕಾದ ಇನ್‌ಸ್ಟ್ರಕ್ಟರ್ ವೀಸಾಕ್ಕೆ ಆ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕೆಂಬ ಷರತ್ತಿದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವರಿಗೆ ಇದು ದೊಡ್ಡ ತೊಡಕು. ದಕ್ಷಿಣ ಕೊರಿಯ ವಿದೇಶಿ ಭಾಷಾ ಶಿಕ್ಷಕರಿಗಾಗಿರುವ ತನ್ನ ಇ-2 ವೀಸಾವನ್ನು ಮುಖ್ಯವಾಗಿ ಇಂಗ್ಲಿಷ್ ಆಡುನುಡಿಯಾಗಿರುವ 7 ದೇಶಗಳ ಪ್ರಜೆಗಳಿಗೆ ನೀಡುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಸಾಮಾನ್ಯವಾಗಿ ಕೇಳುವುದು ಇಂಗ್ಲಿಷ್ ಪದವಿ ಮತ್ತು ಬಿ.ಎಡ್. ನಮ್ಮ ಗಡಿನಾಡಿನ ಯುವಜನರಿಗೆ ಹೆಚ್ಚು ಕೈಗೆಟುಕುವ ದಾರಿ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೀಗಾಗಿ ಬಿ.ಎಡ್. ಮುಗಿಸುವುದಕ್ಕೇ ಮೊದಲ ಆದ್ಯತೆ ಇರಲಿ.

ವಯಸ್ಕರಿಗೆ ಕಲಿಸುವ ಭಾಷಾ ಸಂಸ್ಥೆಗಳತ್ತ ಒಲವಿದ್ದರೆ ಟೆಫಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ) ಪ್ರಮಾಣಪತ್ರ ಬೇಕಾಗುತ್ತದೆ. ಆದರೆ ಟೆಫಲ್ ಎಂಬುದು ಒಂದೇ ಸಂಸ್ಥೆ ನಡೆಸುವ ಪರೀಕ್ಷೆಯಲ್ಲ. ಯಾರು ಬೇಕಾದರೂ ಆ ಹೆಸರಿನಲ್ಲಿ ಪ್ರಮಾಣಪತ್ರ ಕೊಡಬಹುದು. ಇಂಗ್ಲಿಷ್ ಶಿಕ್ಷಕರಿಗಾಗಿರುವ ಕೇಂಬ್ರಿಜ್‌ನ ಸೆಲ್ಟಾ ಕೋರ್ಸಿನಲ್ಲಿ ಸುಮಾರು 120 ಗಂಟೆಗಳ ಕಲಿಕೆಯ ಜೊತೆಗೆ ನಿಜವಾದ ವಿದ್ಯಾರ್ಥಿಗಳೆದುರು 6 ಗಂಟೆ ಪಾಠ ಮಾಡಬೇಕಾಗುತ್ತದೆ, ತರಬೇತುದಾರರು ಅದನ್ನು ನೋಡಿ ಮೌಲ್ಯಮಾಪನ ಮಾಡುತ್ತಾರೆ. ಯಾವ ಕೋರ್ಸನ್ನು ಆರಿಸುವಾಗಲೂ ಇಂತಹ ಪಾಠದ ಅಭ್ಯಾಸವಿದೆಯೇ ಎಂಬುದನ್ನು ಮೊದಲು ಕೇಳಿರಿ.

ನಂತರದ್ದು ದಾಖಲೆಗಳ ದೃಢೀಕರಣ. ಕಾಸರಗೋಡಿನವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಪದವಿಯನ್ನು ಯಾವ ರಾಜ್ಯದ ವಿಶ್ವವಿದ್ಯಾಲಯ ಕೊಟ್ಟಿದೆಯೋ ಸಾಮಾನ್ಯವಾಗಿ ಆ ರಾಜ್ಯದಲ್ಲೇ ದೃಢೀಕರಣ ನಡೆಯುತ್ತದೆ. ಕಣ್ಣೂರು ವಿಶ್ವವಿದ್ಯಾಲಯದ ಪದವೀಧರರು ಅನಿವಾಸಿ ಕೇರಳೀಯರಿಗಾಗಿರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್‌ಗೆ ಹೋಗಬಹುದು; ಮನೆ ಕಾಸರಗೋಡಿನಲ್ಲಿದ್ದರೂ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿದವರು ಕರ್ನಾಟಕದ ಕಡೆಗೇ ಹೋಗಬೇಕಾಗುತ್ತದೆ. ಅನಂತರ ವಿದೇಶಾಂಗ ಸಚಿವಾಲಯದ ಮುದ್ರೆ ಪಡೆಯಬೇಕು. ಒಂದು ದೇಶ ಮುದ್ರೆ ಹಾಕಿದ ದಾಖಲೆಯನ್ನು ಇತರ ಸದಸ್ಯ ದೇಶಗಳು ರಾಯಭಾರ ಕಚೇರಿಯ ದೃಢೀಕರಣವಿಲ್ಲದೆ ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಭಾರತವು 2005ರಿಂದ ಇದೆ. ಆದರೆ ಯುಎಇ, ಕತಾರ್‌ಗಳು ಅದರಲ್ಲಿಲ್ಲದ ಕಾರಣ ಅಲ್ಲಿಗೆ ಹೋಗುವವರಿಗೆ ಆಯಾ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಬಹುದು.

ಏಜೆಂಟರ ಮೂಲಕ ಹೋಗುವುದಾದರೆ ಅವರ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿರಿ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಕೊಟ್ಟ ಹಣಕ್ಕೆ ರಸೀದಿ ಕೇಳಿ ಪಡೆಯಿರಿ.