ಶೇಕಡಾ ಬೆಳವಣಿಗೆಯ ಲೆಕ್ಕಗಳನ್ನು ಸಮೀಕರಣದಿಂದ ಬಿಡಿಸುವ ಬಗೆ

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಅಭ್ಯರ್ಥಿಗಳಲ್ಲಿ ಅನೇಕರು ಶೇಕಡಾ ಲೆಕ್ಕಗಳಿಗೆಂದೇ ಹತ್ತಾರು ಶಾರ್ಟ್‌ಕಟ್‌ಗಳನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಪ್ರಶ್ನೆಯ ಮಾತು ತುಸು ತಿರುಗಿದರೂ ಯಾವ ಸೂತ್ರ ಎಲ್ಲಿ ಅನ್ವಯಿಸುತ್ತದೆ ಎಂಬುದು ಅವರಿಗೆ ತೋಚುವುದಿಲ್ಲ. ಈ ಬಗೆಯ ಲೆಕ್ಕಗಳಿಗೆ ಒಂದೇ ಸಮೀಕರಣ ಸಾಕು. ಅದನ್ನು ಬರೆಯುವ ಮೊದಲು ಮಾತ್ರ ‘ಈ ಶೇಕಡಾ ಯಾವ ಮೊತ್ತದ ಮೇಲೆ?’ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡಿರಬೇಕು.

ಬೆಳವಣಿಗೆಗೆ ಮೊದಲಿನ ಮೊತ್ತವನ್ನು ‘ಮ’ ಎಂದೂ, ನಂತರದ ಹೊಸ ಮೊತ್ತವನ್ನು ‘ಹ’ ಎಂದೂ, ಶೇಕಡಾ ದರವನ್ನು ‘ದ’ ಎಂದೂ ಕರೆಯೋಣ. ಹೆಚ್ಚಳವೆಂಬುದು ಮೂಲ ಮೊತ್ತಕ್ಕೆ ಅದರದೇ ಒಂದು ಭಾಗವನ್ನು ಕೂಡಿಸುವುದಾದ್ದರಿಂದ, ಹ = ಮ + ಮ × ದ/100 ಎಂದಾಗುತ್ತದೆ. ‘ಮ’ವನ್ನು ಹೊರತೆಗೆದರೆ ಸಮೀಕರಣ ಹೀಗೆ ನಿಲ್ಲುತ್ತದೆ:

ಹ = ಮ × (1 + ದ/100)

ಆವರಣದೊಳಗಿನದನ್ನು ಗುಣಕ ಎನ್ನೋಣ. ಶೇ. 15ರ ಹೆಚ್ಚಳಕ್ಕೆ ಗುಣಕ 1.15, ಶೇ. 15ರ ಇಳಿಕೆಯಾದರೆ ‘ದ’ ಋಣವಾಗಿ, ಗುಣಕ 0.85 ಆಗುತ್ತದೆ. ಮೂರರಲ್ಲಿ ಯಾವ ಎರಡು ಗೊತ್ತಿದ್ದರೂ ಮೂರನೆಯದು ತಾನಾಗಿ ಸಿಗುತ್ತದೆ.

ದರವನ್ನು ಹುಡುಕುವ ಲೆಕ್ಕಕ್ಕೆ ನಮ್ಮ ಜಿಲ್ಲೆಯ ಜನಗಣತಿಯನ್ನೇ ತೆಗೆದುಕೊಳ್ಳಬಹುದು. ಧಾರವಾಡ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 16,04,253 ಇದ್ದದ್ದು 2011ರಲ್ಲಿ 18,47,023 ಆಯಿತು. ಹೊಸದನ್ನು ಹಳೆಯದರಿಂದ ಭಾಗಿಸಿದರೆ ಗುಣಕ ಸುಮಾರು 1.1513 ಬರುತ್ತದೆ, ಒಂದನ್ನು ಕಳೆದು ನೂರರಿಂದ ಗುಣಿಸಿದರೆ ಬೆಳವಣಿಗೆ ಶೇ. 15.13. ಇಲ್ಲಿ ‘ಮ’ ಎಂಬುದು 2001ರ ಸಂಖ್ಯೆಯೇ ಹೊರತು 2011ರದಲ್ಲ. ತಪ್ಪಿ 2011ರ ಸಂಖ್ಯೆಯಿಂದ ಭಾಗಿಸಿದವರಿಗೆ ಶೇ. 13.14 ಎಂಬ ಉತ್ತರ ಸಿಗುತ್ತದೆ, ಮತ್ತು ಆಯ್ಕೆಗಳ ಪಟ್ಟಿಯಲ್ಲಿ ಆ ಸಂಖ್ಯೆಯನ್ನೂ ಇಡುವುದು ಪ್ರಶ್ನೆಪತ್ರಿಕೆ ತೆಗೆಯುವವರ ಹಳೆಯ ಚಾಳಿ.

ಹಿಂದಿನ ಮೊತ್ತವನ್ನು ಕೇಳುವ ಲೆಕ್ಕದಲ್ಲಿ ಹೆಚ್ಚು ಜನ ಎಡವುತ್ತಾರೆ, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ದರ ಕಳೆದ ವರ್ಷಕ್ಕಿಂತ ಶೇ. 15ರಷ್ಟು ಏರಿ, ಈಗ ಕ್ವಿಂಟಲ್‌ಗೆ 41,400 ರೂಪಾಯಿ ಆಗಿದೆ ಎಂದು ಭಾವಿಸೋಣ. ಕಳೆದ ವರ್ಷದ ದರವೆಷ್ಟು? ಏರಿದ್ದು ಶೇ. 15 ತಾನೇ, ಅಷ್ಟನ್ನೇ ಇಳಿಸಿದರಾಯಿತು ಎಂದು 41,400ರಲ್ಲಿ ಶೇ. 15, ಅಂದರೆ 6,210 ರೂಪಾಯಿಯನ್ನು ಕಳೆದು 35,190 ಎಂದು ಬರೆಯುವವರು ಬಹಳ. ಆದರೆ ಆ ಶೇ. 15 ಲೆಕ್ಕವಾದದ್ದು ಕಳೆದ ವರ್ಷದ ದರದ ಮೇಲೆ. ಇವರು ಅದನ್ನು ಈ ವರ್ಷದ ದರದ ಮೇಲೆ ಹೇರಿದರು. ಸಮೀಕರಣ ಬರೆದರೆ ಈ ಗೊಂದಲಕ್ಕೆ ಎಡೆಯೇ ಇರುವುದಿಲ್ಲ:

41,400 = ಮ × 1.15
ಮ = 41,400 ÷ 1.15 = 36,000

ತಾಳೆ ನೋಡುವುದು ಸುಲಭ. 36,000ವನ್ನು 1.15ರಿಂದ ಗುಣಿಸಿದರೆ 41,400 ಬರುತ್ತದೆ. 35,190ನ್ನು ಗುಣಿಸಿದರೆ 40,468.50 ಮಾತ್ರ ಬರುತ್ತದೆ. ಗುಣಾಕಾರದಿಂದ ಬೆಳೆದದ್ದನ್ನು ಭಾಗಾಕಾರದಿಂದಲೇ ಹಿಂದಕ್ಕೆ ತರಬೇಕು, ಕಳೆಯುವುದರಿಂದಲ್ಲ. ಇದೇ ಕಾರಣಕ್ಕೆ ಶೇ. 25ರಷ್ಟು ಕುಸಿದ ದರ ಹಿಂದಿನ ಮಟ್ಟಕ್ಕೆ ಮರಳಲು ಶೇ. 25ರ ಏರಿಕೆ ಸಾಲದು: 0.75 × (1 + ದ/100) = 1 ಎಂಬುದನ್ನು ಬಿಡಿಸಿದರೆ ‘ದ’ 33⅓ ಆಗುತ್ತದೆ. ಒಂದರ ಹಿಂದೊಂದು ಬರುವ ಬದಲಾವಣೆಗಳಿಗೂ ಗುಣಕಗಳನ್ನು ಗುಣಿಸುವುದೇ ದಾರಿ. ಶೇ. 20 ಏರಿ ಮತ್ತೆ ಶೇ. 20 ಇಳಿದರೆ 1.2 × 0.8 = 0.96, ಅಂದರೆ ಶೇ. 4ರಷ್ಟು ನಷ್ಟ.

ಪ್ರತಿ ವರ್ಷ ಒಂದೇ ದರದಲ್ಲಿ ಬೆಳೆಯುವ ಲೆಕ್ಕದಲ್ಲಿ ಗುಣಕ ಘಾತವಾಗುತ್ತದೆ. ಹುಬ್ಬಳ್ಳಿಯ ಒಬ್ಬ ಕಿರಾಣಿ ವ್ಯಾಪಾರಿಯ ವಾರ್ಷಿಕ ವಹಿವಾಟು ಎರಡು ವರ್ಷಗಳಲ್ಲಿ 5,00,000 ರೂಪಾಯಿಯಿಂದ 6,05,000 ರೂಪಾಯಿಗೆ ಏರಿದ್ದರೆ, ಗುಣಕದ ವರ್ಗ 1.21. ಇದರ ವರ್ಗಮೂಲಗಳು 1.1 ಮತ್ತು –1.1. ಎರಡನೆಯದನ್ನು ಒಪ್ಪಿದರೆ ವಹಿವಾಟು ನಡುವಿನ ವರ್ಷದಲ್ಲಿ ಸೊನ್ನೆಗಿಂತ ಕೆಳಗಿಳಿಯಬೇಕಾಗುತ್ತದೆ. ಅದು ಸಾಧ್ಯವಿಲ್ಲದ್ದರಿಂದ ದರ ಶೇ. 10 ಎಂದೇ ತೀರ್ಮಾನಿಸಬೇಕು.

ಹತ್ತು ವರ್ಷಗಳ ಬೆಳವಣಿಗೆಯಿಂದ ವಾರ್ಷಿಕ ದರ ತೆಗೆಯುವಾಗಲೂ ಇದೇ ತರ್ಕ. ಧಾರವಾಡ ಜಿಲ್ಲೆಯ ಶೇ. 15.13ನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ ಶೇ. 1.51 ಎನ್ನುವುದು ಸರಿಯಲ್ಲ, ಏಕೆಂದರೆ ಆ ದರದಲ್ಲಿ ಹತ್ತು ವರ್ಷ ಬೆಳೆದರೆ ಒಟ್ಟು ಸುಮಾರು ಶೇ. 16.2 ಆಗುತ್ತದೆ. ಬೇಕಾದದ್ದು 1.1513ರ ಹತ್ತನೆಯ ಮೂಲ. ಮೊದಲು ವರ್ಗಮೂಲ ತೆಗೆದರೆ ಸುಮಾರು 1.073 ಸಿಗುತ್ತದೆ, ಯಾವ ಸಂಖ್ಯೆಯ ಐದನೆಯ ಘಾತ 1.073 ಎಂದು ಒಂದೆರಡು ಸಂಖ್ಯೆಗಳನ್ನು ಇಟ್ಟು ನೋಡಿದರೆ 1.0142 ಹೊಂದುತ್ತದೆ. ಹಾಗಾಗಿ ವಾರ್ಷಿಕ ಸರಾಸರಿ ದರ ಶೇ. 1.42.

ಎರಡು ಅಜ್ಞಾತಗಳಿರುವ ಲೆಕ್ಕವನ್ನು ನೋಡೋಣ. ಗದುಗಿನ ಒಂದು ಶಾಲೆಯಲ್ಲಿ ಕಳೆದ ವರ್ಷ ಒಟ್ಟು 800 ಮಕ್ಕಳಿದ್ದರು. ಈ ವರ್ಷ ಹುಡುಗರು ಶೇ. 10, ಹುಡುಗಿಯರು ಶೇ. 15 ಹೆಚ್ಚಿ ಒಟ್ಟು 898 ಆಗಿದೆ ಎನ್ನೋಣ. ಕಳೆದ ವರ್ಷದ ಹುಡುಗಿಯರನ್ನು ‘ಯ’ ಎಂದರೆ ಹುಡುಗರು 800 – ಯ. ಹೆಚ್ಚಳವನ್ನಷ್ಟೇ ಬರೆದರೆ ಲೆಕ್ಕ ಚಿಕ್ಕದಾಗುತ್ತದೆ:

0.10 × (800 – ಯ) + 0.15 × ಯ = 98
80 + 0.05 × ಯ = 98
ಯ = 360

ಹುಡುಗರು 440. ಈ ವರ್ಷ 484 ಹುಡುಗರು ಮತ್ತು 414 ಹುಡುಗಿಯರು, ಕೂಡಿ 898.

ಎರಡು ಗುಂಪುಗಳ ದರ ಕೊಟ್ಟಾಗ ಅವುಗಳ ನೇರ ಸರಾಸರಿ ತೆಗೆಯುವ ಆಸೆಯನ್ನು ತಡೆಯಬೇಕು. 1997ರಲ್ಲಿ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾಗುವ ಮುನ್ನ ಅವು ಅವಿಭಜಿತ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಆ ಹಳೆಯ ಜಿಲ್ಲೆಯ ಬೆಳವಣಿಗೆ ತಿಳಿಯಬೇಕೆಂದುಕೊಳ್ಳಿ. 2001ರಿಂದ 2011ರವರೆಗೆ ಧಾರವಾಡ ಶೇ. 15.13, ಹಾವೇರಿ ಶೇ. 11.02, ಗದಗ ಶೇ. 9.54 ಬೆಳೆದಿದ್ದು, ಮೂರರ ಸರಾಸರಿ ಶೇ. 11.90. ಆದರೆ ಮೂರೂ ಜಿಲ್ಲೆಗಳ ಜನಸಂಖ್ಯೆಯನ್ನು ಕೂಡಿಸಿದರೆ 40,15,204 ಇದ್ದದ್ದು 45,09,261 ಆಗಿದೆ, ಅಂದರೆ ನಿಜವಾದ ಬೆಳವಣಿಗೆ ಶೇ. 12.30. ಅತಿ ವೇಗವಾಗಿ ಬೆಳೆದ ಧಾರವಾಡದ ಮೂಲ ಮೊತ್ತವೇ ಮೂರರಲ್ಲಿ ದೊಡ್ಡದಾಗಿದ್ದರಿಂದ ಒಟ್ಟು ದರವು ಸರಾಸರಿಗಿಂತ ಮೇಲಕ್ಕೆ ಸರಿದಿದೆ.