ತಿರಸ್ಕರಿಸಬೇಕಾದ ಸರ್ಟಿಫಿಕೇಟನ್ನು ನಿಮ್ಮ ಓಪನ್‌ಎಸ್‌ಎಸ್‌ಎಲ್ ತಿರಸ್ಕರಿಸುತ್ತದೆಯೇ? ಪರೀಕ್ಷಿಸುವ ಬಗೆ

ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರ ಕೈಯಲ್ಲಿ ನಾನು ಮೊದಲ ವಾರದಲ್ಲೇ ಮೂರು ಸರ್ಟಿಫಿಕೇಟ್ ಮಾಡಿಸುತ್ತೇನೆ. ಸರ್ಟಿಫಿಕೇಟ್ ಎಂದರೆ ಸರ್ವರ್ ತನ್ನ ಗುರುತು ತೋರಿಸಲು ಕೊಡುವ, ಸಹಿ ಇರುವ ಡಿಜಿಟಲ್ ಚೀಟಿ; ಅದನ್ನು ತಪಾಸಣೆ ಮಾಡುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್. ಮೂರನೆಯದು ಬೇಕೆಂದೇ ಮಾಡಿದ ಖೋಟಾ. ಒಳ್ಳೆಯ ಸರ್ಟಿಫಿಕೇಟನ್ನು ಪ್ರೋಗ್ರಾಂ ಒಪ್ಪುತ್ತದೋ ಇಲ್ಲವೋ ಎಂದು ಎಲ್ಲರೂ ನೋಡುತ್ತಾರೆ, ಒಪ್ಪದಿದ್ದರೆ ಕೆಲಸವೇ ನಿಲ್ಲುತ್ತದಲ್ಲ. ಕೆಟ್ಟದ್ದನ್ನು ಹೊರಗೆ ಹಾಕುತ್ತದೋ ಎಂದು ನೋಡುವವರು ಕಡಿಮೆ.

ಇದರ ಅಗತ್ಯ ಏನೆಂದು ಕೇಳಿದವರಿಗೆ ಸಿವಿಇ-2021-3450 ಎಂಬ ಸಂಖ್ಯೆಯ ಭದ್ರತಾ ದೋಷದ ಕೋಡನ್ನೇ ತೆರೆದು ತೋರಿಸುತ್ತೇನೆ. ಅಕಮಾಯ್ ಕಂಪನಿಯ ಎಂಜಿನಿಯರುಗಳು ಪತ್ತೆಹಚ್ಚಿದ ದೋಷ ಇದು. 2021ರ ಮಾರ್ಚ್ 25ರಂದು ಬಂದ ಓಪನ್‌ಎಸ್‌ಎಸ್‌ಎಲ್ 1.1.1ಕೆ ಇದನ್ನು ಸರಿಪಡಿಸಿತು. ಒಂದು ಇನ್ನೊಂದಕ್ಕೆ ಸಹಿ ಹಾಕುತ್ತಾ ಸಾಗುವ ಸರ್ಟಿಫಿಕೇಟುಗಳ ಸರಪಳಿಯ ನಡುವೆ ಬರುವ ಪ್ರತಿ ಸರ್ಟಿಫಿಕೇಟೂ ಸಿಎ ಆಗಿರಬೇಕು, ಅಂದರೆ ಇನ್ನೊಂದಕ್ಕೆ ಸಹಿ ಹಾಕುವ ಅಧಿಕಾರ ಪಡೆದಿರಬೇಕು. ಆ ತಪಾಸಣೆಯ ಫಲಿತಾಂಶ ‘ರೆಟ್’ ಎಂಬ ವೇರಿಯಬಲ್‌ನಲ್ಲಿ ಕೂರುತ್ತಿತ್ತು. 1.1.1ಎಚ್ ಆವೃತ್ತಿಯಲ್ಲಿ, ಸ್ಟ್ರಿಕ್ಟ್ ಫ್ಲ್ಯಾಗ್ (ಕಟ್ಟುನಿಟ್ಟಿನ ತಪಾಸಣೆಯ ಆಯ್ಕೆ) ಹಾಕಿದವರಿಗೆಂದು ಹೊಸ ತಪಾಸಣೆಯೊಂದು ಸೇರಿತು: ಕೀ ತಯಾರಿಸಲು ಬಳಸುವ ಎಲಿಪ್ಟಿಕ್ ಕರ್ವ್ ಎಂಬ ಗಣಿತದ ವಕ್ರರೇಖೆಯ ಹೆಸರು ಹೇಳದೆ ಪ್ಯಾರಾಮೀಟರುಗಳನ್ನೇ ಬಿಡಿಸಿ ಬರೆದ ಕೀಗಳನ್ನು ತಡೆಯುವುದು. ಅದರ ಫಲಿತಾಂಶವೂ ಅದೇ ರೆಟ್‌ಗೆ ಹೋಯಿತು. ಮೊದಲ ತಪಾಸಣೆ ‘0, ಇದು ಸಿಎ ಅಲ್ಲ’ ಎಂದು ಬರೆದಿಟ್ಟಿದ್ದನ್ನು ಎರಡನೆಯದು ಸ್ಲೇಟು ಒರೆಸಿದಂತೆ ಒರೆಸಿ ‘1, ಕರ್ವ್ ಸರಿಯಿದೆ’ ಎಂದು ಬರೆಯಿತು. ಆರ್‌ಎಸ್‌ಎ ಎಂಬ ಇನ್ನೊಂದು ಬಗೆಯ ಕೀಯಲ್ಲಿ ಕರ್ವೇ ಇರುವುದಿಲ್ಲ, ಅದಕ್ಕೂ 1 ಎಂದೇ ಉತ್ತರ. ಹೆಚ್ಚಿನ ಭದ್ರತೆ ಬೇಕೆಂದು ಸ್ಟ್ರಿಕ್ಟ್ ಹಾಕಿದವರೇ ಅಪಾಯಕ್ಕೆ ಸಿಕ್ಕಿದರು ಎಂಬುದು ನನಗೆ ಇವತ್ತಿಗೂ ಸಂಕಟ ತರುತ್ತದೆ. ರೆಟ್ ಆಗಲೇ 0 ಆಗಿದ್ದರೆ ಹೊಸ ತಪಾಸಣೆಗೆ ಹೋಗಬೇಡ ಎಂಬ ಒಂದು ಷರತ್ತಿನಿಂದ ದೋಷ ಸರಿಹೋಯಿತು.

ಎಲ್ಲರಿಗೂ ಇದು ತಟ್ಟಲಿಲ್ಲ. ಸ್ಟ್ರಿಕ್ಟ್ ತಾನಾಗಿ ಆನ್ ಇರುವುದಿಲ್ಲ. ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ ಪ್ರೋಟೋಕಾಲ್) ಕ್ಲೈಂಟ್, ಸರ್ವರ್‌ಗಳಲ್ಲಿ ಮೊದಲೇ ಇರುವ, ಸರ್ಟಿಫಿಕೇಟ್ ಯಾವ ಬಳಕೆಗೆ ಎಂದು ಹೇಳುವ ‘ಪರ್ಪಸ್’ ಸೆಟ್ಟಿಂಗು ಸಿಎ ತಪಾಸಣೆಯನ್ನು ಇನ್ನೊಮ್ಮೆ ಮಾಡುತ್ತದೆ. ಸ್ಟ್ರಿಕ್ಟ್ ಹಾಕಿ, ಪರ್ಪಸ್ ಇಡದ ಅಥವಾ ಬದಲಾಯಿಸಿದ ಪ್ರೋಗ್ರಾಂಗಳಿಗೆ ಮಾತ್ರ ತೊಂದರೆ.

ಮೊದಲು ಆವೃತ್ತಿ ನೋಡಿ. 1.1.1ಎಚ್‌ನಿಂದ 1.1.1ಜೆವರೆಗಿನವು ದೋಷಪೂರಿತ, 1.0.2 ಅಲ್ಲ. ಆದರೆ ಅಕ್ಷರವನ್ನೇ ನಂಬಿ ಕೂರಬೇಡಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಪ್ಯಾಕೇಜಿನ ಹೆಸರಿನಲ್ಲಿ 1.1.1ಜಿ ಎಂದಿತ್ತು, ಅದಕ್ಕೂ ಈ ತಿದ್ದುಪಡಿ ಬೇಕಾಯಿತು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ತನ್ನದೇ ಓಪನ್‌ಎಸ್‌ಎಸ್‌ಎಲ್ ಹೊತ್ತು ತರುತ್ತದೆ, ಸಿಸ್ಟಂನದ್ದನ್ನು ಅಪ್‌ಡೇಟ್ ಮಾಡಿದರೆ ಅದು ಬದಲಾಗುವುದಿಲ್ಲ. ಅದರ ಆವೃತ್ತಿಯನ್ನು ‘ಪ್ರೋಸೆಸ್.ವರ್ಷನ್ಸ್’ನಲ್ಲಿ ನೋಡಬೇಕು.

ಈಗ ಮೂರು ಸರ್ಟಿಫಿಕೇಟ್. ಮೊದಲನೆಯದು ‘ಮೂಲ’: ತನಗೆ ತಾನೇ ಸಹಿ ಹಾಕಿಕೊಂಡ ರೂಟ್. ಸಿಎ ಹೌದೋ ಅಲ್ಲವೋ ಎಂದು ಹೇಳುವ ಬೇಸಿಕ್ ಕನ್‌ಸ್ಟ್ರೇಂಟ್ಸ್ ಭಾಗದಲ್ಲಿ ಸಿಎ ಟ್ರೂ ಇರಲಿ, ಕೀ ಯೂಸೇಜ್‌ನಲ್ಲಿ ಸರ್ಟಿಫಿಕೇಟಿಗೆ ಸಹಿ ಹಾಕುವ ಹಕ್ಕು ಇರಲಿ (ಓಪನ್‌ಎಸ್‌ಎಸ್‌ಎಲ್ ಆವೃತ್ತಿ 3ರ ಸ್ಟ್ರಿಕ್ಟ್ ಅದನ್ನು ಕೇಳುತ್ತದೆ). ಎರಡನೆಯದು ‘ಅಂಗಡಿ’: ಮೂಲದ ಸಹಿ, ಸಿಎ ಫಾಲ್ಸ್. ಮೂರನೆಯದು ‘ಖೋಟಾ’: ಅಂಗಡಿಯ ಕೀಯಿಂದ ಸಹಿ ಹಾಕಿದ್ದು, ಹೆಸರು ಲೋಕಲ್‌ಹೋಸ್ಟ್.

ಇಲ್ಲಿ ಬಹಳ ಜನ ಎಡವುತ್ತಾರೆ. ಅಂಗಡಿಗೆ ಕೀ ಯೂಸೇಜ್ ಹಾಕಲೇಬೇಡಿ. ಹಾಕಿ, ಅದರಲ್ಲಿ ಸಹಿಯ ಹಕ್ಕು ಕೊಡದಿದ್ದರೆ ಓಪನ್‌ಎಸ್‌ಎಸ್‌ಎಲ್ ಸರಪಳಿ ಕಟ್ಟುವಾಗಲೇ ಅದನ್ನು ಬಿಟ್ಟುಬಿಟ್ಟು, ಸಹಿ ಹಾಕಿದವರು ಸಿಗಲಿಲ್ಲ ಎಂದು ಹೇಳುತ್ತದೆ. ಖೋಟಾ ತಿರಸ್ಕೃತವಾಯಿತು ನಿಜ, ಆದರೆ ನಾವು ನೋಡಬೇಕಿದ್ದ ತಪಾಸಣೆ ನಡೆಯಲೇ ಇಲ್ಲ.

ವೆರಿಫೈ ಕಮ್ಯಾಂಡಿಗೆ ಸ್ಟ್ರಿಕ್ಟ್ ಆಯ್ಕೆ ಕೊಟ್ಟು, ಮೂಲವನ್ನು ನಂಬಿಕಸ್ಥ ಸಿಎ ಆಗಿ ಇಟ್ಟು, ಮೊದಲು ಅಂಗಡಿಯನ್ನು ಪರೀಕ್ಷಿಸಿ. ಅದು ಪಾಸಾಗಲೇಬೇಕು. ಆಮೇಲೆ ಅಂಗಡಿಯನ್ನು ‘ಅನ್‌ಟ್ರಸ್ಟೆಡ್’ ಎಂದು ಕೊಟ್ಟು ಖೋಟಾವನ್ನು ಪರೀಕ್ಷಿಸಿ. ಪರ್ಪಸ್ ಕೊಡಬೇಡಿ, ಕೊಟ್ಟರೆ ದೋಷ ಮರೆಯಾಗುತ್ತದೆ. ‘ಇನ್‌ವ್ಯಾಲಿಡ್ ಸಿಎ ಸರ್ಟಿಫಿಕೇಟ್’ ಎಂಬ ಸಂದೇಶ ಬಂದರೆ ಸರಿ. ‘ಓಕೆ’ ಬಂದರೆ ಆ ಯಂತ್ರವನ್ನು ಕೂಡಲೇ ಅಪ್‌ಡೇಟ್ ಮಾಡಿ.

ಕಮ್ಯಾಂಡ್ ಪಾಸಾಯಿತೆಂದು ನಿಮ್ಮ ಆ್ಯಪ್ ಪಾಸಾದಂತಲ್ಲ. ಓಪನ್‌ಎಸ್‌ಎಸ್‌ಎಲ್ ಜೊತೆ ಬರುವ ಪರೀಕ್ಷಾ ಸರ್ವರ್ ಎಸ್_ಸರ್ವರ್‌ಗೆ ಖೋಟಾ ಕೊಟ್ಟು, ಅಂಗಡಿಯನ್ನು ಸರಪಳಿಯಾಗಿ ಸೇರಿಸಿ ಓಡಿಸಿ, ಆ್ಯಪ್‌ಗೆ ಮೂಲವನ್ನಷ್ಟೇ ನಂಬಲು ಹೇಳಿ, ಲೋಕಲ್‌ಹೋಸ್ಟ್‌ಗೆ ಕನೆಕ್ಟ್ ಮಾಡಿಸಿ. ಅಂಗಡಿ ಸಿಎ ಅಲ್ಲ ಎಂಬ ಕಾರಣಕ್ಕೆ ಆ್ಯಪ್ ಖೋಟಾವನ್ನು ತಿರಸ್ಕರಿಸಬೇಕು. ಹೆಸರು ಹೊಂದಿಕೆಯಾಗದಿದ್ದರೆ ಆ ಕಾರಣಕ್ಕೇ ಕನೆಕ್ಷನ್ ಮುರಿಯುತ್ತದೆ, ಹಾಗಾಗಿ ಹೆಸರನ್ನು ಆಲ್ಟರ್ನೇಟಿವ್ ನೇಮ್‌ನಲ್ಲಿ ಸರಿಯಾಗಿ ಬರೆಯಿರಿ.

ಇದನ್ನು ಬಿಲ್ಡ್‌ನಲ್ಲಿ ಸೇರಿಸುವಾಗ ಸರ್ಟಿಫಿಕೇಟುಗಳನ್ನು ರೆಪೊಸಿಟರಿಯಲ್ಲಿ ಇಡಬೇಡಿ, ಪ್ರತಿ ಸಲ ಹೊಸದಾಗಿ ಮಾಡಿಸಿ. ಹಳೆಯ ಖೋಟಾದ ಅವಧಿ ಮುಗಿದ ದಿನದಿಂದ ಅದು ಅವಧಿಯ ಕಾರಣಕ್ಕೇ ತಿರಸ್ಕೃತವಾಗುತ್ತದೆ, ಸಿಎ ತಪಾಸಣೆ ಕೆಟ್ಟು ಹೋಗಿದ್ದರೂ ಪರೀಕ್ಷೆ ಹಸಿರು ತೋರಿಸುತ್ತಲೇ ಇರುತ್ತದೆ. ವೈಫಲ್ಯವನ್ನಷ್ಟೇ ಅಲ್ಲ, ಸಂದೇಶದ ಪಠ್ಯವನ್ನೂ ಹೋಲಿಸಿ ನೋಡುವಂತೆ ಸ್ಕ್ರಿಪ್ಟ್ ಬರೆಯಿರಿ.