ಪಂಪ್ ಡಬ್ಬಿ ಮೇಲೆ 1500, ಲೂಪಲ್ಲಿ 240

ಕಂಪ್ಯೂಟರನ್ನ ನೀರಲ್ಲಿ ತಣ್ಣಗಿಡೋ ಲೂಪಿಗೆ, ಅಂದ್ರೆ ಅದೇ ನೀರು ಸುತ್ತುತ್ತಾ ಇರೋ ಕೊಳವೆ ಸಾಲಿಗೆ, ಡಿ5 ಅನ್ನೋ ಪಂಪ್ ಹಾಕ್ದೋರು ಮೊದ್ಲು ಕೇಳೋದೇ ಇದು, ಗಂಟೆಗೆ 1500 ಲೀಟರ್ ಅಂತ ಬರ್ದಿದಾರೆ, ಫ್ಲೋ ಮೀಟರ್ ಯಾಕೆ 240 ತೋರಿಸ್ತಿದೆ ಅಂತ. ಪಂಪ್ ಕೆಟ್ಟಿಲ್ಲ ಮಾರಾಯ್ರೆ. 1500 ಅನ್ನೋದು ಮುಂದೆ ಏನೂ ಅಡ್ಡ ಇಲ್ದಾಗ ಬರೋ ನೀರು, ಪಕ್ಕದಲ್ಲಿರೋ 3.9 ಮೀಟರ್ ಹೆಡ್ ಅನ್ನೋದು ಹರಿವು ಪೂರ್ತಿ ನಿಂತಾಗಿನ ಒತ್ತಡ, ಎರಡೂ ಒಟ್ಟಿಗೆ ಯಾವತ್ತೂ ಸಿಗಲ್ಲ. ಆ 3.9 ಮೀಟರೂ ಸುಮಾರು 0.38 ಬಾರ್ ಅಷ್ಟೇ.

ನನ್ನ ಲೂಪಲ್ಲಿ ಸಿಪಿಯು ಬ್ಲಾಕ್, ಜಿಪಿಯು ಬ್ಲಾಕ್ (ಚಿಪ್ ಮೇಲೆ ಕೂತು ಅದರ ಬಿಸಿನ ನೀರಿಗೆ ದಾಟಿಸೋ ತುಂಡುಗಳು), ನೀರನ್ನ ಫ್ಯಾನ್ ಗಾಳಿಲಿ ತಣ್ಣಗೆ ಮಾಡೋ 360 ಎಂಎಂ ರೇಡಿಯೇಟರ್ ಎರಡು, ಎಲ್ಲ ಒಂದೇ ಸಾಲಲ್ಲಿ. ಒತ್ತಡ ಜಾಸ್ತಿ ತಿನ್ನೋದು ಸಿಪಿಯು ಬ್ಲಾಕು. ಬಿಚ್ಚಿ ನೋಡಿದ್ರೆ ತಾಮ್ರದ ರೆಕ್ಕೆಗಳು ಎಷ್ಟು ಒತ್ತೊತ್ತಾಗಿವೆ ಅಂದ್ರೆ ಮಧ್ಯದ ಸಂದು ಬರೀ ಗೆರೆ ತರ ಕಾಣತ್ತೆ, ಮೇಲೆ ನೀರನ್ನ ರೆಕ್ಕೆಗಳ ಮೇಲೆ ಚಿಮ್ಮಿಸೋ ಜೆಟ್ ಪ್ಲೇಟಿನ ಸೀಳು ಬೇರೆ, ಇಡೀ ಲೂಪಿನ ನೀರು ಅಲ್ಲೇ ನುಗ್ಗಬೇಕು. ರೇಡಿಯೇಟರಲ್ಲಿ ನೀರು ಹತ್ತಾರು ಕೊಳವೆಗೆ ಹಂಚ್ಕೊಂಡು ಹೋಗತ್ತೆ, ಹಾಗಾಗಿ ಅಷ್ಟು ತಡೆ ಇಲ್ಲ. ಒಂದೆರಡು 90 ಡಿಗ್ರಿ ಫಿಟಿಂಗಿಗೆಲ್ಲ ತಲೆ ಕೆಡಿಸ್ಕೋಬೇಡಿ.

ರೇಡಿಯೇಟರ್ ಮೇಲಿದೆ, ಅಷ್ಟೆತ್ತರ ಎತ್ತಬೇಕಲ್ವಾ ಅಂತಾರೆ. ತುಂಬಿಸುವಾಗ ಹೌದು, ಲೂಪ್ ತುಂಬಿ ಗಾಳಿ ಹೋದ್ಮೇಲೆ ಇಳಿಯೋ ನೀರೇ ಏರೋ ನೀರನ್ನ ಸರಿದೂಗಿಸತ್ತೆ, ಪಂಪಿಗೆ ಉಳಿಯೋದು ತಡೆ ಮಾತ್ರ. ರಿಸರ್ವಾಯರ್, ಅಂದ್ರೆ ನೀರು ತುಂಬೋ ಪುಟ್ಟ ಟ್ಯಾಂಕು, ಮಾತ್ರ ಪಂಪಿಗಿಂತ ಮೇಲೇ ಇರ್ಲಿ, ಡಿ5 ಬೇರಿಂಗಿಗೆ ಆ ನೀರೇ ಎಣ್ಣೆ ಇದ್ದಂಗೆ, ಒಣಗಿ ಓಡಿದ್ರೆ ಸವೆಯತ್ತೆ.

ಪಂಪ್ 4800 ಆರ್‌ಪಿಎಂ ಇದ್ದಾಗ 240, 2400ಕ್ಕೆ ಇಳಿಸಿದ್ರೆ ಹೆಚ್ಚುಕಮ್ಮಿ 120. ಲೋಡಲ್ಲಿ ಸುಮಾರು 400 ವ್ಯಾಟ್ ಬಿಸಿ ನೀರಿಗೆ ಹೋಗತ್ತೆ. 240ರ ಹರಿವನ್ನ 1 ಡಿಗ್ರಿ ಏರಿಸೋಕೇ 280 ವ್ಯಾಟ್ ಬೇಕು, ಅಂದ್ರೆ ಒಂದು ಸುತ್ತಲ್ಲಿ ನೀರು ಬಿಸಿಯಾಗೋದು 1.4 ಡಿಗ್ರಿ, 120ರಲ್ಲಿ 2.9. ಸಿಪಿಯು ಎರಡ್ಮೂರು ಡಿಗ್ರಿ ಏರ್ತು, ಅಷ್ಟೇ, ಸದ್ದು ಮಾತ್ರ ಪೂರ್ತಿ ಹೋಯ್ತು. ನಿಧಾನ ಹೋದ್ರೆ ರೇಡಿಯೇಟರಲ್ಲಿ ಜಾಸ್ತಿ ತಣ್ಣಗಾಗತ್ತೆ ಅನ್ನೋರಿಗೆ ಒಂದು ಮಾತು, ಅದೇ ನೀರು ಬ್ಲಾಕಲ್ಲೂ ನಿಧಾನವಾಗೇ ಹೋಗಿ ಜಾಸ್ತಿ ಬಿಸಿಯಾಗಿ ಬರತ್ತಲ್ಲ!

ಇನ್ನೊಂದು ಪಂಪ್ ಸಾಲಲ್ಲಿ ಸೇರಿಸಿದ್ರೆ ಹರಿವು ಡಬಲ್ ಆಗಲ್ಲ. ಹರಿವು ಡಬಲ್ ಮಾಡೋಕೆ ಹತ್ರ ಹತ್ರ ನಾಲ್ಕು ಪಟ್ಟು ಒತ್ತಡ ಬೇಕು, ಇಂಥ ಲೂಪಲ್ಲಿ ಸಿಗೋದು 40 ಪರ್ಸೆಂಟ್ ಒಳಗೆ. ಆ ದುಡ್ಡಲ್ಲಿ ಒಳ್ಳೆ ಫ್ಯಾನ್ ತಗೊಳ್ಳಿ.

ಅದೇ ಆರ್‌ಪಿಎಂಗೆ ಮೀಟರ್ ತಿಂಗಳು ತಿಂಗಳು ಇಳೀತಿದ್ರೆ ಪಂಪನ್ನ ಬೈಯೋ ಮುಂಚೆ ಸಿಪಿಯು ಬ್ಲಾಕ್ ಬಿಚ್ಚಿ. ಮೆತ್ತನೆ ಟ್ಯೂಬ್ ಆದ್ರೆ ಅದರಿಂದ ಬಿಟ್ಕೊಂಡ ಪ್ಲಾಸ್ಟಿಸೈಜರ್ (ಟ್ಯೂಬ್ ಮೆತ್ತಗಿರ್ಲಿ ಅಂತ ಬೆರೆಸೋ ವಸ್ತು) ರೆಕ್ಕೆ ಸಂದಲ್ಲಿ ಅಂಟಂಟಾಗಿ ಕೂತಿರತ್ತೆ, ಉಜ್ಜಿ ತೆಗೆಯೋಕೆ ಹಳೇ ಟೂತ್‌ಬ್ರಶ್ ಸಾಕು.